ಸಹಾಯ ಬೇಕು: 1911ರ ರೂಪಾಯಿಯನ್ನು ಗ್ರೇಡಿಂಗ್‌ಗೆ ಕಳುಹಿಸಬೇಕೇ?

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಐದನೇ ಜಾರ್ಜ್ ದೊರೆಯ 1911ರ ಬೆಳ್ಳಿ ರೂಪಾಯಿಯೊಂದಿದೆ. ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆ ಎಂಬ ಗದ್ದಲ ಎದ್ದು ಚಿತ್ರವನ್ನು ತಿದ್ದಿದರಲ್ಲ, ಅದಕ್ಕೂ ಮೊದಲಿನದು. ಸೊಂಡಿಲು ನಿಜಕ್ಕೂ ಮೊಟಕು. ಆಗಿನ ಜನರನ್ನು ದೂರಲಾರೆ. ಇದನ್ನು ಗ್ರೇಡಿಂಗ್‌ಗೆ, ಅಂದರೆ ನಾಣ್ಯ ಅಸಲಿಯೇ, ಸ್ಥಿತಿ ಹೇಗಿದೆ ಎಂದು ನೋಡಿ ಅಂಕ ಕೊಡುವ ಸಂಸ್ಥೆಗೆ, ಕಳುಹಿಸಲೋ ಬೇಡವೋ ಎಂದು ಯೋಚಿಸುತ್ತಿದ್ದೇನೆ.

ತೂಕ 11.6 ಗ್ರಾಂ ಇದೆ, ಇರಬೇಕಾದದ್ದು 11.66. ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ ಇಷ್ಟಕ್ಕೇ ಅಸಲಿ ಎಂದು ನಂಬುವಂತಿಲ್ಲ. ಬೆಳ್ಳಿಯಲ್ಲೇ ಎರಕ ಹೊಯ್ದ ನಕಲಿಯೂ ಈ ಎರಡು ಪರೀಕ್ಷೆಗಳನ್ನು ದಾಟೀತು. ಅಂಚಿನ ಗೀರುಗಳು ಒಂದೇ ಸಮನಾಗಿವೆ, ಎರಕದ ಕೂಡುಗೆರೆ ಕಾಣಲಿಲ್ಲ.

ನನ್ನ ಚಿಂತೆ ಬೇರೆ. ದೀಪದ ಕೆಳಗೆ ವಾಲಿಸಿದರೆ ಕೂದಲೆಳೆಯಂಥ ಸಮಾನಾಂತರ ಗೆರೆಗಳು ಮಿನುಗುತ್ತವೆ. ಟಂಕಸಾಲೆಯಲ್ಲಿ ನಾಣ್ಯ ಒತ್ತುವ ಅಚ್ಚನ್ನು ಉಜ್ಜಿದ್ದರಿಂದ ಬಂದ ಗೆರೆಗಳಾದರೆ ನಾಣ್ಯದ ಮೇಲೆ ಉಬ್ಬಿರುತ್ತವೆ, ಚಿತ್ರ, ಅಕ್ಷರಗಳಿಲ್ಲದ ಬಯಲು ಭಾಗದಲ್ಲೇ ನಿಲ್ಲುತ್ತವೆ. ಇಲ್ಲಿಯವು ತಗ್ಗಾಗಿರುವಂತಿವೆ, ದೊರೆಯ ಭುಜದ ಮೇಲೂ ಹಾಯ್ದಿವೆ. ಯಾರೋ ಹಿಂದೆ ತಿಕ್ಕಿ ತೊಳೆದಿರಬೇಕು. ಹಾಗಿದ್ದರೆ ಗ್ರೇಡಿಂಗ್ ಸಂಸ್ಥೆಯವರ 70ರ ಮಾಪಕದಲ್ಲಿ ಅಂಕ ಸಿಗುವುದು ಕಷ್ಟ. ‘ಸ್ವಚ್ಛಗೊಳಿಸಲಾಗಿದೆ’ ಎಂಬ ಷರಾದೊಂದಿಗೆ ಡಬ್ಬಿಯಲ್ಲಿ ಮುಚ್ಚಿ ಕಳುಹಿಸುತ್ತಾರೆ.

ಅಂಥ ಷರಾ ಬಿದ್ದ ನಾಣ್ಯವನ್ನು ಮಾರಿದವರು ಇಲ್ಲಿದ್ದೀರಾ? ಅಸಲಿ ಎಂಬ ಖಾತರಿಯೊಂದಕ್ಕಾಗಿಯೇ ಶುಲ್ಕ, ವಿಮೆ, ಅಂಚೆವೆಚ್ಚ ಕಟ್ಟುವುದು ಸಾರ್ಥಕವೇ? ಚಿತ್ರಗಳನ್ನು ಕೆಳಗೆ ಹಾಕಿದ್ದೇನೆ. ಗೆರೆಗಳನ್ನು ನೋಡಿ ಹೇಳಿ. ಮತ್ತೊಮ್ಮೆ ತಿಕ್ಕಿ ಹೊಳಪು ಬರಿಸುವ ಸಲಹೆ ಮಾತ್ರ ಬೇಡ.