ಒಂದು ಗಂಟೆಯ ಲೋಡ್ ಟೆಸ್ಟ್ ಪಾಸಾಗುತ್ತದೆ, ಮೂರು ಗಂಟೆಯದು ಏಕೆ ಕುಸಿಯುತ್ತದೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾಲೇಜು ಪ್ರವೇಶದ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಸ್ವೀಕರಿಸುವ ತಂತ್ರಾಂಶವೊಂದನ್ನು ನಮ್ಮ ತಂಡ ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಮುಂಬೈ ವಲಯದಲ್ಲಿ ನಡೆಸುತ್ತಿದೆ. ಬರುವ ರಿಕ್ವೆಸ್ಟ್‌ಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್‌ನ ಹಿಂದೆ ನಾಲ್ಕು ಜಾವಾ ಸರ್ವರ್‌ಗಳಿವೆ. ಸಿಪಿಯು ಬಳಕೆ ಏರಿದರೆ ಆಟೋ ಸ್ಕೇಲಿಂಗ್ ಮತ್ತಷ್ಟನ್ನು ಸೇರಿಸುತ್ತದೆ. ಡೇಟಾಬೇಸ್ ಎಡಬ್ಲ್ಯೂಎಸ್‌ನದೇ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ನಲ್ಲಿರುವ ಪೋಸ್ಟ್‌ಗ್ರೆಸ್, ಅದರ ಡಿಸ್ಕ್ ಜಿಪಿ2 ಎಂಬ ಬಗೆಯದು, 100 ಜಿಬಿ. ಅರ್ಜಿ ತೆರೆಯುವ ದಿನವನ್ನೂ ಗಂಟೆಯನ್ನೂ ಮೊದಲೇ ಪ್ರಕಟಿಸುವುದರಿಂದ ಬೆಳಿಗ್ಗೆ 10ಕ್ಕೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ.

ಹೊರೆ ಹಾಕಿ ಪರೀಕ್ಷಿಸುವ ಉಪಕರಣವಾದ ಜೆಮೀಟರ್‌ನಲ್ಲಿ 500 ಥ್ರೆಡ್‌ಗಳನ್ನಿಟ್ಟು (ಒಂದು ಥ್ರೆಡ್ ಎಂದರೆ ಒಬ್ಬ ಕೃತಕ ಬಳಕೆದಾರ), ಪ್ರತಿ ರಿಕ್ವೆಸ್ಟ್ ಆದ ಮೇಲೆ ಒಂದು ಸೆಕೆಂಡ್ ಬಿಡುವು ಕೊಟ್ಟು ಪರೀಕ್ಷಿಸಿದಾಗ ಸರಾಸರಿ ರೆಸ್ಪಾನ್ಸ್ ಟೈಮ್ 250 ಮಿಲಿಸೆಕೆಂಡ್ ಬಂದಿತು. ಒಂದು ಗಂಟೆಯ ಪರೀಕ್ಷೆಗಳೆಲ್ಲ ಹೀಗೆಯೇ ಪಾಸಾದವು. ಆದರೆ ಅದನ್ನೇ ಮೂರು ಗಂಟೆ ಓಡಿಸಿದರೆ, ಸುಮಾರು 1 ಗಂಟೆ 40 ನಿಮಿಷ ಕಳೆದ ಮೇಲೆ ಆ ಸಮಯ ಒಮ್ಮೆಲೇ ನಾಲ್ಕು ಸೆಕೆಂಡಿಗೆ ಏರಿ ಅಲ್ಲೇ ನಿಲ್ಲುತ್ತದೆ. ಆಗ ಸರ್ವರ್‌ಗಳ ಸಿಪಿಯು ಬಳಕೆ ಏರುವುದಿಲ್ಲ, ಬದಲಾಗಿ ಇಳಿಯುತ್ತದೆ. ಮೆಮೊರಿ ಸೋರಿಕೆಯೂ ಕಾಣುವುದಿಲ್ಲ. ಡಿಸ್ಕ್‌ನ ಓದು ಮತ್ತು ಬರಹ ಸೇರಿ ಮೊದಲು 1,200 ಐಒಪಿಎಸ್ (ಸೆಕೆಂಡಿಗೆ ಆಗುವ ಓದು-ಬರಹಗಳ ಸಂಖ್ಯೆ) ಇದ್ದದ್ದು ಆಮೇಲೆ 300ಕ್ಕೆ ಇಳಿಯುತ್ತದೆ. ಇದಕ್ಕೆ ಕಾರಣವೇನು, ಮತ್ತು ಈ ಪರೀಕ್ಷೆಯನ್ನು ನಂಬಿ ಅರ್ಜಿ ತೆರೆಯಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಬಯಲುಸೀಮೆ

ನಿಮ್ಮ ಪ್ರಶ್ನೆಯಲ್ಲಿರುವ 300 ಎಂಬ ಸಂಖ್ಯೆಯೇ ಉತ್ತರವನ್ನು ಹೇಳುತ್ತಿದೆ. ಜಿಪಿ2 ಡಿಸ್ಕ್‌ಗೆ ಪ್ರತಿ ಜಿಬಿಗೆ 3ರಂತೆ ಶಾಶ್ವತ ಐಒಪಿಎಸ್ ಸಿಗುತ್ತದೆ, ಹಾಗಾಗಿ 100 ಜಿಬಿಗೆ 300. ಅದಕ್ಕಿಂತ ಹೆಚ್ಚು ಬೇಕಾದಾಗ ಚಿಕ್ಕ ಡಿಸ್ಕ್‌ಗಳು 3,000ದವರೆಗೆ ಹೋಗಬಲ್ಲವು, ಆದರೆ ಆ ಹೆಚ್ಚುವರಿಯನ್ನು ಒಂದು ಕ್ರೆಡಿಟ್ ಖಾತೆಯಿಂದ ಕಳೆಯಲಾಗುತ್ತದೆ. ತುಂಬಿದ ಖಾತೆಯಲ್ಲಿ 54 ಲಕ್ಷ ಕ್ರೆಡಿಟ್ ಇರುತ್ತದೆ. ನೀವು ಸೆಕೆಂಡಿಗೆ 1,200 ಬಳಸುತ್ತಿದ್ದೀರಿ, 300 ಮರಳಿ ಜಮೆಯಾಗುತ್ತಿದೆ, ಅಂದರೆ ಸೆಕೆಂಡಿಗೆ 900 ಖರ್ಚು. 54 ಲಕ್ಷವನ್ನು 900ರಿಂದ ಭಾಗಿಸಿದರೆ 6,000 ಸೆಕೆಂಡ್, ಸರಿಯಾಗಿ 1 ಗಂಟೆ 40 ನಿಮಿಷ. ಎಡಬ್ಲ್ಯೂಎಸ್‌ನ ಅಳತೆಗಳನ್ನು ತೋರಿಸುವ ಕ್ಲೌಡ್‌ವಾಚ್‌ನಲ್ಲಿ ಬರ್ಸ್ಟ್ ಬ್ಯಾಲೆನ್ಸ್ ಎಂಬ ಗ್ರಾಫ್ ತೆರೆದು ನೋಡಿರಿ. ಅದು ನೂರರಿಂದ ಸೊನ್ನೆಗೆ ನೇರ ಇಳಿದಿರಬೇಕು.

ಇನ್ನೊಂದು ವಿಷಯವನ್ನು ಗಮನಿಸಬೇಕು. ಬರಿದಾದ ಖಾತೆ 300ರ ದರದಲ್ಲಿ ಪೂರ್ತಿ ತುಂಬಲು, ಡಿಸ್ಕ್ ಸುಮ್ಮನೆ ಇದ್ದರೂ, ಐದು ಗಂಟೆ ಬೇಕು. ಹೀಗಾಗಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಪರೀಕ್ಷೆ ನಡೆಸಿ ಅವೆರಡನ್ನು ಹೋಲಿಸುವುದು ಸಲ್ಲದು, ಏಕೆಂದರೆ ಎರಡನೆಯದು ಅರೆಬರೆ ಖಾತೆಯಿಂದ ಆರಂಭವಾಗಿರುತ್ತದೆ. ಎಡಬ್ಲ್ಯೂಎಸ್‌ನ ಟಿ2, ಟಿ3 ಬಗೆಯ ಸರ್ವರ್‌ಗಳ ಸಿಪಿಯು ಕ್ರೆಡಿಟ್‌ಗೂ ಇಂಥದ್ದೇ ಲೆಕ್ಕವಿದೆ. ಡಿಸ್ಕನ್ನು ಜಿಪಿ3ಗೆ ಬದಲಿಸಿದರೆ ಗಾತ್ರ ಚಿಕ್ಕದಿದ್ದರೂ 3,000 ಐಒಪಿಎಸ್ ಸದಾ ಸಿಗುತ್ತದೆ, ಕ್ರೆಡಿಟ್‌ನ ಪ್ರಶ್ನೆಯೇ ಬರುವುದಿಲ್ಲ.

ಕೊಡಚಾದ್ರಿ

ಡಿಸ್ಕ್‌ನ ಕಾರಣವನ್ನು ಬಯಲುಸೀಮೆಯವರು ಸರಿಯಾಗಿ ಗುರುತಿಸಿದ್ದಾರೆ. ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ 'ಇಲ್ಲ' ಎಂದೇ, ಮತ್ತು ಅದಕ್ಕೆ ಡಿಸ್ಕ್ ಕಾರಣವಲ್ಲ.

ನಿಮ್ಮ 500 ಥ್ರೆಡ್‌ಗಳಲ್ಲಿ ಪ್ರತಿಯೊಂದೂ ಉತ್ತರ ಬರುವವರೆಗೆ ಕಾದು, ಒಂದು ಸೆಕೆಂಡ್ ಬಿಟ್ಟು, ನಂತರವಷ್ಟೇ ಮುಂದಿನ ರಿಕ್ವೆಸ್ಟ್ ಕಳಿಸುತ್ತದೆ. ಉತ್ತರ 0.25 ಸೆಕೆಂಡಿನಲ್ಲಿ ಬಂದಾಗ ಒಂದು ಸುತ್ತಿಗೆ 1.25 ಸೆಕೆಂಡ್ ಹಿಡಿಯುತ್ತದೆ, ಅಂದರೆ ಸೆಕೆಂಡಿಗೆ 400 ರಿಕ್ವೆಸ್ಟ್. ಉತ್ತರಕ್ಕೆ ನಾಲ್ಕು ಸೆಕೆಂಡ್ ಬೇಕಾದಾಗ ಸುತ್ತು ಐದು ಸೆಕೆಂಡಿನದಾಗಿ, ಸೆಕೆಂಡಿಗೆ ಬರೀ 100. ಜಾನ್ ಲಿಟಲ್ ಅವರು 1961ರಲ್ಲಿ ಸಾಧಿಸಿ ತೋರಿಸಿದ ಸರತಿಯ ನಿಯಮ ಇದೇ: ಏಕಕಾಲಕ್ಕೆ ಒಳಗಿರುವವರ ಸಂಖ್ಯೆ ಎಂದರೆ ಬರುವ ದರವನ್ನು ಒಳಗಿರುವ ಸಮಯದಿಂದ ಗುಣಿಸಿದಷ್ಟು. ಸರ್ವರ್ ಸೋತ ಗಳಿಗೆಯಲ್ಲೇ ಪರೀಕ್ಷೆ ತನ್ನ ಹೊರೆಯನ್ನು ಕಾಲು ಭಾಗಕ್ಕೆ ಇಳಿಸಿಕೊಂಡಿತು. ನಾಲ್ಕು ಸೆಕೆಂಡಿನಲ್ಲಿ ನಿಂತಂತೆ ಕಂಡದ್ದು ಅದರಿಂದಲೇ. ಅರ್ಜಿ ತುಂಬಲು ಕುಳಿತ ವಿದ್ಯಾರ್ಥಿಗಳು ಹಾಗೆ ಮಾಡುವುದಿಲ್ಲ. ಒಬ್ಬನ ಪುಟ ತೆರೆಯದಿದ್ದರೂ ಇನ್ನೊಬ್ಬಳು ಬರುವುದು ನಿಲ್ಲುವುದಿಲ್ಲ, ಮೊದಲಿನವನು ರಿಫ್ರೆಶ್ ಒತ್ತುತ್ತಲೇ ಇರುತ್ತಾನೆ.

ಇದರಿಂದ ಅಂಕಿಗಳೂ ಕೆಡುತ್ತವೆ. ಸೆಕೆಂಡಿಗೆ 100 ರಿಕ್ವೆಸ್ಟ್ ಕಳಿಸಬೇಕಾದ ಒಂದೇ ಥ್ರೆಡ್ ಇದೆಯೆನ್ನಿ. ಸರ್ವರ್ 10 ಸೆಕೆಂಡ್ ಸ್ತಬ್ಧವಾದರೆ ತೊಂದರೆಗೊಳಗಾಗಬೇಕಿದ್ದದ್ದು 1,000 ರಿಕ್ವೆಸ್ಟ್, ವರದಿಯಲ್ಲಿ ದಾಖಲಾಗುವುದು ಒಂದೇ ಒಂದು. ಜಾವಾ ತಂತ್ರಜ್ಞ ಗಿಲ್ ಟೆನೆ ಅವರು ಇದನ್ನು ಕೋ-ಆರ್ಡಿನೇಟೆಡ್ ಒಮಿಷನ್ ಎಂದು ಕರೆದರು. ಆದ್ದರಿಂದ ಬಳಕೆದಾರರ ಸಂಖ್ಯೆಯ ಬದಲು ಆಗಮನದ ದರವನ್ನು ನಿಗದಿಪಡಿಸಿ ಪರೀಕ್ಷಿಸಿರಿ. ಕೆ6 ಉಪಕರಣದಲ್ಲಿ ಕಾನ್‌ಸ್ಟಂಟ್ ಅರೈವಲ್ ರೇಟ್ ಇದೆ. ಜೆಮೀಟರನ್ನೇ ಬಳಸುವುದಾದರೆ 5.5ನೇ ಆವೃತ್ತಿಯಿಂದ ಓಪನ್ ಮಾಡೆಲ್ ಥ್ರೆಡ್ ಗ್ರೂಪ್ ಇದೆ. ಸರಾಸರಿಯನ್ನು ಬಿಟ್ಟು 95 ಮತ್ತು 99ನೇ ಪರ್ಸೆಂಟೈಲ್‌ಗಳನ್ನು (ನೂರರಲ್ಲಿ 95 ಅಥವಾ 99 ರಿಕ್ವೆಸ್ಟ್‌ಗಳು ಎಷ್ಟು ಸಮಯದೊಳಗೆ ಮುಗಿದವು ಎಂಬುದನ್ನು) ನೋಡಿರಿ.

ಹೇಮಾವತಿ

ಎರಡು ಸಣ್ಣ ಸೂಚನೆಗಳು. ಒಂದೇ ನೋಂದಣಿ ಸಂಖ್ಯೆಯನ್ನು ಮತ್ತೆ ಮತ್ತೆ ಕಳಿಸಿದರೆ ಎಲ್ಲವೂ ಕ್ಯಾಶ್‌ನಿಂದಲೇ (ಮೊದಲೇ ತೆಗೆದಿಟ್ಟ ಪ್ರತಿಯಿಂದ) ಬಂದು ಫಲಿತಾಂಶ ಹುಸಿಯಾಗುತ್ತದೆ. ಸಿಎಸ್‌ವಿ ಕಡತದಿಂದ ಬೇರೆ ಬೇರೆ ಸಂಖ್ಯೆಗಳನ್ನು ಕೊಡಿ, ಡೇಟಾಬೇಸ್‌ನಲ್ಲಿಯೂ ನಿಜವಾದ ಪ್ರಮಾಣದ ದತ್ತಾಂಶವಿರಲಿ. ಲೋಡ್ ಬ್ಯಾಲೆನ್ಸರ್ ಬೆಳೆದಂತೆ ಅದರ ಐಪಿ ವಿಳಾಸಗಳೂ ಹೆಚ್ಚುತ್ತವೆ, ಆದರೆ ಜೆಮೀಟರ್ ಓಡುವ ಜಾವಾ, ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ಹಳೆಯ ಉತ್ತರವನ್ನೇ ಹಿಡಿದಿಟ್ಟುಕೊಂಡರೆ ಹೊರೆಯೆಲ್ಲ ಒಂದೇ ವಿಳಾಸಕ್ಕೆ ಬೀಳುತ್ತದೆ. ಜೆಮೀಟರ್‌ನ ಡಿಎನ್‌ಎಸ್ ಕ್ಯಾಶ್ ಮ್ಯಾನೇಜರ್ ಬಳಸಿರಿ.

ತುಂಗಾತೀರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬರ್ಸ್ಟ್ ಬ್ಯಾಲೆನ್ಸ್ ಸೊನ್ನೆಯಾಗಿತ್ತು. ಜಿಪಿ3ಗೆ ಬದಲಿಸಿದ ಮೇಲೆ ಸೆಕೆಂಡಿಗೆ 400ರ ಸ್ಥಿರ ದರದಲ್ಲಿ ಮೂರು ಗಂಟೆಯೂ ಸಮವಾಗಿ ನಡೆಯಿತು. ಆದರೆ ದರವನ್ನು 600ಕ್ಕೆ ಏರಿಸಿದಾಗ ರೆಸ್ಪಾನ್ಸ್ ಟೈಮ್ ಎಲ್ಲಿಯೂ ನಿಲ್ಲದೆ ಏರುತ್ತಲೇ ಹೋಗುತ್ತದೆ. ಡೇಟಾಬೇಸ್‌ನ ಸಿಪಿಯು ಅರ್ಧವೂ ಬಳಕೆಯಾಗಿಲ್ಲ, ಜಾವಾ ವೆಬ್ ಸರ್ವರ್ ಆದ ಟಾಮ್‌ಕ್ಯಾಟ್‌ನಲ್ಲಿ ರಿಕ್ವೆಸ್ಟ್ ನಿಭಾಯಿಸುವ 200 ಥ್ರೆಡ್‌ಗಳೂ ಡೇಟಾಬೇಸ್ ಕನೆಕ್ಷನ್‌ಗಾಗಿ ಕಾಯುತ್ತಿವೆ, ಆಟೋ ಸ್ಕೇಲಿಂಗ್ ಮಾತ್ರ ಕದಲುವುದೇ ಇಲ್ಲ. ಪ್ರತಿ ಸರ್ವರ್‌ನಲ್ಲಿ ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಡುವ ಹಿಕಾರಿ ಪೂಲ್‌ನ ಗಾತ್ರ ಡೀಫಾಲ್ಟ್ ಆಗಿರುವ 10. ಒಂದು ಕನೆಕ್ಷನ್ ಸರಾಸರಿ 80 ಮಿಲಿಸೆಕೆಂಡ್ ಬಳಕೆಯಲ್ಲಿರುತ್ತದೆ. ಫೋಟೊವನ್ನು ಎಡಬ್ಲ್ಯೂಎಸ್‌ನ ಕಡತ ಸಂಗ್ರಹವಾದ ಎಸ್3ಗೆ ಕಳಿಸುವ ಕೆಲಸವೂ ಅದೇ ಡೇಟಾಬೇಸ್ ಟ್ರಾನ್ಸಾಕ್ಷನ್ ಒಳಗಿದೆ. ಪೂಲನ್ನು 50ಕ್ಕೆ ಹೆಚ್ಚಿಸಿದರೆ ಸಾಕೇ?

ಕೊಡಚಾದ್ರಿ

ಪೂಲ್ ಹಿಗ್ಗಿಸುವ ಮೊದಲು ಲಿಟಲ್ ಅವರ ನಿಯಮದಿಂದಲೇ ಲೆಕ್ಕ ಹಾಕಿರಿ. ಸೆಕೆಂಡಿಗೆ 400ರಂತೆ ತಲಾ 80 ಮಿಲಿಸೆಕೆಂಡ್ ಎಂದರೆ ಏಕಕಾಲಕ್ಕೆ 32 ಕನೆಕ್ಷನ್ ಬೇಕು, ನಾಲ್ಕು ಸರ್ವರ್‌ಗಳಲ್ಲಿ ಒಟ್ಟು 40 ಇವೆ, ಹಾಗಾಗಿ ನಡೆಯಿತು. 600ಕ್ಕೆ 48 ಬೇಕು, ಇಲ್ಲ, ಆದ್ದರಿಂದ ಸರತಿ ಬೆಳೆಯುತ್ತಲೇ ಹೋಗುತ್ತದೆ. ಕಾಯುತ್ತಿರುವ ಥ್ರೆಡ್ ಸಿಪಿಯು ಬಳಸುವುದಿಲ್ಲವಾದ್ದರಿಂದ ಆಟೋ ಸ್ಕೇಲಿಂಗ್‌ಗೆ ಏನೂ ಗೊತ್ತಾಗುವುದಿಲ್ಲ. ಎಸ್3ಗೆ ಕಳಿಸುವುದನ್ನು ಟ್ರಾನ್ಸಾಕ್ಷನ್‌ನಿಂದ ಹೊರಗಿಡಿ. ಕನೆಕ್ಷನ್ ಹಿಡಿದಿಡುವ ಅವಧಿ 20 ಮಿಲಿಸೆಕೆಂಡಿಗೆ ಇಳಿದರೆ 600ಕ್ಕೆ 12 ಕನೆಕ್ಷನ್ ಸಾಕು. ಪೂಲ್ 50 ಮಾಡಿ ಸರ್ವರ್‌ಗಳು 20ಕ್ಕೆ ಏರಿದರೆ 1,000 ಕನೆಕ್ಷನ್ ತೆರೆಯಬೇಕಾಗುತ್ತದೆ, ಅಷ್ಟನ್ನು ಹೊರಲು ನಿಮ್ಮ ಪೋಸ್ಟ್‌ಗ್ರೆಸ್‌ಗೆ ಸಾಧ್ಯವೇ ಎಂಬುದನ್ನೂ ನೋಡಬೇಕು.

ಬಯಲುಸೀಮೆ

ಅರ್ಜಿ ತೆರೆಯುವ ದಿನ ಆಟೋ ಸ್ಕೇಲಿಂಗ್ ಅನ್ನೇ ನೆಚ್ಚಬೇಡಿ. ಅಳತೆ ಬರಲು, ಅಲಾರಂ ಹೊಡೆಯಲು, ಹೊಸ ಸರ್ವರ್ ಎದ್ದು ಜಾವಾ ಬಿಸಿಯೇರಲು (ಪೂರ್ಣ ವೇಗಕ್ಕೆ ಬರಲು) ಹಲವು ನಿಮಿಷಗಳು ಬೇಕು, ನಿಮ್ಮ ನೂಕುನುಗ್ಗಲು 10 ಗಂಟೆಯ ಮೊದಲ ನಿಮಿಷದಲ್ಲೇ ಇರುತ್ತದೆ. ಗಂಟೆ ಗೊತ್ತಿರುವುದರಿಂದ 9:30ಕ್ಕೇ ಸರ್ವರ್‌ಗಳು ಏರುವಂತೆ ಶೆಡ್ಯೂಲ್ಡ್ ಸ್ಕೇಲಿಂಗ್ ಇಡಿ, ಪರೀಕ್ಷೆಯಲ್ಲಿಯೂ ದರವನ್ನು ನಿಧಾನವಾಗಿ ಏರಿಸದೆ ಸೊನ್ನೆಯಿಂದ ಒಮ್ಮೆಲೇ 600ಕ್ಕೆ ನೆಗೆಸಿ ನೋಡಿರಿ.