ಈ ಸಲ ಗಂಡು ನೋಡೋ ಶಾಸ್ತ್ರ

ಭಾನುವಾರ ಬೆಳಗ್ಗೆ ಕ್ಯಾತ್ಸಂದ್ರದ ಹೋಟೆಲಿನಲ್ಲಿ ನಮ್ಮ ನಾಲ್ವರದ್ದು ಖಾಯಂ ಬೆಂಚು. ಕೊಬ್ಬರಿ ವ್ಯಾಪಾರದ ಕೊಬ್ರಿ, ಬಸ್ಸಿನಿಂದ ನಿವೃತ್ತನಾದ ಕಂಡಕ್ಟ್ರು, ಮೇಷ್ಟ್ರು, ನಾನು. ಮೊನ್ನೆ ತಟ್ಟೆ ಇಡ್ಲಿ ಬಂದರೂ ಮೇಷ್ಟ್ರು ಮುಟ್ಟಲಿಲ್ಲ. ಬೆಣ್ಣೆ ಕರಗಿ ಅಂಚಿಗೆ ಹರೀತಿತ್ತು.

"ಏನ್ ಮೇಷ್ಟ್ರೇ, ಇಡ್ಲಿ ಮೇಲೆ ಮುನಿಸಾ?"

"ನನಗೆ ಮದುವೆ ಕಣ್ರಯ್ಯಾ."

ಕೊಬ್ರಿಗೆ ಚಟ್ನಿ ನೆತ್ತಿಗೇರಿತು. "ಅಮ್ಮಾವ್ರಿಗೆ ಗೊತ್ತಾ?"

"ಅವಳ ಜೊತೇನೇ!"

ವಿಷಯ ಇಷ್ಟೇ. ಮೇಷ್ಟ್ರು ಹುಟ್ಟಿದ್ದು 1966ರಲ್ಲಿ, ಪರಾಭವ ಸಂವತ್ಸರ. ಅರವತ್ತು ಸಂವತ್ಸರದ ಚಕ್ರ ಒಂದು ಸುತ್ತು ಹೊಡೆದು 2026ರ ಯುಗಾದಿಗೆ ಮತ್ತೆ ಪರಾಭವ. ಮಕ್ಕಳು ಷಷ್ಟ್ಯಬ್ದಿ ಗೊತ್ತು ಮಾಡಿದ್ದಾರೆ. ಹೋಮ, ಕಲಶದ ನೀರಿನ ಸ್ನಾನ, ಹೆಂಡತಿಗೆ ಇನ್ನೊಂದು ಸಲ ತಾಳಿ.

"ಪರಾಭವ ಅಂದ್ರೆ ಸೋಲು ಅಲ್ವಾ?" ಅಂದ ಕಂಡಕ್ಟ್ರು. "ಸೋಲಿನ ವರ್ಷ ಹುಟ್ಟಿ, ಸೋಲಿನ ವರ್ಷಾನೇ ತಾಳಿ. ಟಿಕೆಟ್ ಸರಿಯಾಗೈತೆ ಬಿಡಿ."

ಮೇಷ್ಟ್ರಿಗೆ ಪಾಠ ಮಾಡೋ ಚಟ ಇನ್ನೂ ಹೋಗಿಲ್ಲ. "ಗುರು ರಾಶಿಚಕ್ರ ಸುತ್ತೋಕೆ ಹೆಚ್ಚುಕಮ್ಮಿ 12 ವರ್ಷ, ಶನಿಗೆ 30. ಅರವತ್ತಕ್ಕೆ ಇಬ್ಬರೂ ನಾನು ಹುಟ್ಟಿದಾಗ ಇದ್ದ ಜಾಗಕ್ಕೆ ಬರ್ತಾರೆ."

"ಗುರು ಐದು ಟ್ರಿಪ್ಪು, ಶನಿ ಎರಡು ಟ್ರಿಪ್ಪು. ಎರಡು ಬಸ್ಸೂ ಒಂದೇ ಟೈಮಿಗೆ ಸ್ಟ್ಯಾಂಡಿಗೆ!" ನಾನು ಎಷ್ಟೋ ಪಂಚಾಂಗ ಶ್ರವಣ ಕೇಳಿದ್ದೀನಿ, ಇಷ್ಟು ಸಲೀಸಾಗಿ ಯಾರೂ ಬಿಡಿಸಿ ಹೇಳಿರಲಿಲ್ಲ.

"ನಮ್ಮೂರಿಗೇ ಎರಡನೇ ನಾಮಕರಣ ಆಗ್ಲಿಲ್ವಾ, 2014ರ ರಾಜ್ಯೋತ್ಸವದ ದಿನ?" ಕೊಬ್ರಿ ಸಮಾಧಾನಕ್ಕಿಳಿದ. "ನಾವು ಮೊದಲಿಂದ್ಲೂ ತುಮಕೂರು ಅಂತಾನೇ ಅಂತಿದ್ವಿ. ಇಂಗ್ಲಿಷ್ ಬೋರ್ಡಿಗೆ ಎರಡಕ್ಷರ ಜಾಸ್ತಿ ಆಯ್ತು, ಅಷ್ಟೇ. ನಿಮ್ದೂ ಹಂಗೇ. ಹೆಂಡ್ತಿ ಅವರೇ, ಕಾರ್ಡು ಹೊಸದು."

"ಅವಳು ಒಪ್ಪಬೇಕಲ್ಲೋ!"

ನಾವು ಮೂವರೂ ಇಡ್ಲಿ ಬಿಟ್ಟು ತಲೆ ಎತ್ತಿದೆವು.

"1992ರಲ್ಲಿ ನನ್ನನ್ನ ಯಾರೂ ಕೇಳ್ಲಿಲ್ಲ, ಈ ಸಲ ಕೇಳಿ ಅಂತಾಳೆ. ಆವಾಗ ನಮ್ಮ ಸೋದರತ್ತೆ ಅವಳನ್ನ ತುಳಸಿಕಟ್ಟೆ ತನಕ ನಡೆಸಿ, ಕಾಲು ನೆಟ್ಟಗಿದೆಯಾ ಅಂತ ನೋಡಿದ್ರು. ಸೂಜಿಗೆ ದಾರ ಪೋಣಿಸು ಅಂದ್ರು. ಉಪ್ಪಿಟ್ಟು ನೀನೇ ಮಾಡಿದ್ದಾ ಅಂತ ಮೂರು ಸಲ ಕೇಳಿದ್ರು. ಈಗ ಗಂಡು ನೋಡೋ ಶಾಸ್ತ್ರವಂತೆ. ಗುರುವಾರ ಕುಣಿಗಲ್ಲಿಂದ ಒಬ್ಬ ತಂಗಿ, ತಿಪಟೂರಿಂದ ಇನ್ನೊಬ್ಬಳು ಬರ್ತಾರೆ. ನಾನು ನಡೀಬೇಕು, ದಾರ ಪೋಣಿಸಬೇಕು, ಉಪ್ಪಿಟ್ಟು ಮಾಡಬೇಕು."

"ಹಾಡು?"

"ಹಾಡು ಬೇಡ ಅಂದಿದ್ದಾಳೆ. ಮೂವತ್ನಾಲ್ಕು ವರ್ಷ ಬಚ್ಚಲಮನೇಲಿ ಕೇಳಿದ್ದಾಳಲ್ಲ."

ಮೇಷ್ಟ್ರ ಬಲಮಂಡಿ ಎರಡು ವರ್ಷದಿಂದ ಕಟಕಟ ಅಂತಿದೆ. ಬೆಂಚಿನಿಂದ ಕ್ಯಾಷ್ ಟೇಬಲ್ಲಿನವರೆಗೆ ನಡೆಸಿ ನೋಡಿದೆವು. "ಬಾತ್ರೂಮು ಹಿಂದುಗಡೆ ಐತೆ ಸಾರ್" ಅಂದ ಹೋಟೆಲಿನ ಹುಡುಗ.

ಕಂಡಕ್ಟ್ರು ಹೊರಗಿದ್ದ ಹೂವಿನವಳ ಹತ್ತಿರ ಸೂಜಿ ದಾರ ಇಸ್ಕೊಂಡು ಬಂದ. ಮೇಷ್ಟ್ರು ಕನ್ನಡಕ ತೆಗೆದರು, ಹಾಕಿದರು, ಹಣೆಗೇರಿಸಿದರು. ದಾರದ ತುದಿ ಬಾಯಲ್ಲಿ ಒದ್ದೆ ಮಾಡಿ, ಹುರಿ ಮಾಡಿ, ಉಸಿರು ಹಿಡಿದು ನುಗ್ಗಿಸಿದರು. ದಾರ ಸೂಜಿಯ ಪಕ್ಕದಲ್ಲೇ ನುಸುಳಿ ಚಟ್ನಿಗೆ ಬಿತ್ತು. ಮೂರನೇ ಸಲಕ್ಕೆ ಹೋಯಿತು, ಆದರೆ ಅಷ್ಟರಲ್ಲಿ ಸೂಜಿ ಹಿಡಿದಿದ್ದವನು ಕೊಬ್ರಿ.

"ಇದು ನಡೆಯಲ್ಲ," ಕೊಬ್ರಿ ತಲೆ ಆಡಿಸಿದ. "ತಾಳಿಯ ಮೂರು ಗಂಟಾದ್ರೂ ಹಾಕ್ತೀರಾ?"

"ಹೋದ ಸಲ ಕೈ ನಡುಗಿ ಒಂದೇ ಹಾಕಿದ್ದು. ಮಿಕ್ಕಿದ್ದು ನಮ್ಮಕ್ಕ ಹಾಕಿದ್ಲು."

ಕಂಡಕ್ಟ್ರು ಪಾಪ ಅಂದು ಅವರ ಇಡ್ಲಿಗೆ ಕೈ ಹಾಕಿದ. "ಹೋಗ್ಲಿ, ಗುರುವಾರವೇ ಗೊತ್ತಾಗಿಬಿಡ್ತದಲ್ಲ, ಒಪ್ಪಿದ್ರೋ ಇಲ್ವೋ ಅಂತ."

"ಎಲ್ಲಿ! ಆವತ್ತು ನಮ್ಮ ಕಡೆಯವರು ಅಂದಿದ್ದನ್ನೇ ಅಂತಾಳಂತೆ: ಊರಿಗೆ ಹೋಗಿ ಕಾಗದ ಬರೀತೀವಿ."

"ಒಂದೇ ಮನೆ ಅಲ್ವಾ ಮೇಷ್ಟ್ರೇ?"

"ಹೂಂ ಕಣಯ್ಯ. ಅಡುಗೆಮನೆಯಿಂದ ಹಾಲಿಗೆ ಕಾಗದ ಬರೋಕೆ ಎಷ್ಟು ದಿನ ಆಗ್ತದೋ."