ಪುಣೆಯಲ್ಲಿ ಕಂಪೈಲ್ ಮಾಡಿದ ಆಕ್ಟೇವ್ ನಮ್ಮ ಹಳೇ ಲ್ಯಾಪ್‌ಟಾಪಲ್ಲಿ ಏಳುತ್ತಿಲ್ಲ

ಡೊಂಬಿವಲಿ_ಲೆಕ್ಕಿಗ:
ನಮಸ್ಕಾರ. ನಾನು ಕಂಪ್ಯೂಟರ್ ಓದಿದವನಲ್ಲ, ಮಾಟುಂಗದಲ್ಲಿ ಒಂದು ಹೋಟೆಲಿನ ಲೆಕ್ಕ ಬರೆಯುತ್ತೇನೆ. ಮಗಳು ಕೆಮಿಕಲ್ ಇಂಜಿನಿಯರಿಂಗ್ ಎರಡನೇ ವರ್ಷ. ಕಾಲೇಜಲ್ಲಿ ಲೆಕ್ಕ ಮಾಡುವ ಮ್ಯಾಟ್‌ಲ್ಯಾಬ್ ಅನ್ನುವ ಸಾಫ್ಟ್‌ವೇರ್ ಇದೆ, ಮನೆಗೆ ಎಲ್ಲಿಂದ ತರಲಿ? ಹಾಗಾಗಿ ಅದರ ಥರದ್ದೇ ಉಚಿತ ಸಾಫ್ಟ್‌ವೇರ್ ಆಕ್ಟೇವ್ ಹಾಕೋಣ ಅಂತ ಹೊರಟೆವು. ಲ್ಯಾಪ್‌ಟಾಪ್ ಲ್ಯಾಮಿಂಗ್ಟನ್ ರೋಡಲ್ಲಿ ತಂದ ಸೆಕೆಂಡ್‌ಹ್ಯಾಂಡ್ ಮಾಲು. ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ‍್ಯಾಮ್. ಬ್ಯಾಟರಿ ಸತ್ತಿದೆ, ವೈರ್ ಅಲುಗಾಡಿದರೆ ಆಫ್. ಡೆಬಿಯನ್ 12 ಅನ್ನುವ ಲಿನಕ್ಸ್, 64 ಬಿಟ್ ಹಾಕಿದ್ದೇವೆ.

ಪುಣೆಯಲ್ಲಿರುವ ತಂಗಿ ಮಗ 'ಮಾವ, ಹೊಸ ವರ್ಷನ್ ನಾನೇ ಕಂಪೈಲ್ ಮಾಡಿ ಕೊಡುತ್ತೇನೆ, ಜೋರಾಗಿ ಓಡುತ್ತದೆ' ಅಂದ. ಕಂಪೈಲ್ ಅಂದರೆ ಮೂಲ ಕೋಡಿನಿಂದ ಓಡುವ ಪ್ರೋಗ್ರಾಂ ಕಟ್ಟುವುದಂತೆ. ಚೌತಿಗೆ ಬಂದಾಗ ಪೆನ್‌ಡ್ರೈವಲ್ಲಿ ತಂದು ಕಾಪಿ ಮಾಡಿದ. ಅವನ ಕಂಪ್ಯೂಟರಲ್ಲೂ ಇದೇ ಡೆಬಿಯನ್ 12. ಅಲ್ಲಿ ಚೆನ್ನಾಗಿ ಓಡುತ್ತದೆಯಂತೆ. ಇಲ್ಲಿ ಒಂದೇ ಸಾಲು: 'ಇಲ್ಲೀಗಲ್ ಇನ್‌ಸ್ಟ್ರಕ್ಷನ್'. ಅಷ್ಟಕ್ಕೇ ಮುಗಿಯಿತು. ಹಿಂದೆ ನಿಂತು ನೋಡಿದ ನನ್ನಾಕೆ 'ಇಲ್ಲೀಗಲ್ ಅಂದರೆ ಕದ್ದ ಮಾಲಾ ಇದು?' ಅಂತ ಶುರು ಮಾಡಿದಳು.

ಅಳಿಯ ಬಿಡಲಿಲ್ಲ. ಇಲ್ಲೇ ಕಂಪೈಲ್ ಮಾಡುತ್ತೇನೆ ಅಂತ ರಾತ್ರಿ ನಾಲ್ಕು ಕೆಲಸ ಒಟ್ಟಿಗೆ ಹಚ್ಚಿ ಮಲಗಿದ. ಬೆಳಿಗ್ಗೆ ನಾಲ್ಕೂವರೆಗೆ ನಾನು ಹೊರಡುವಾಗ ನೋಡಿದರೆ ಮೌಸ್ ಕೂಡ ಮಿಸುಕುತ್ತಿಲ್ಲ. ಲ್ಯಾಪ್‌ಟಾಪಿನ ತಳ ದೋಸೆ ಕಾವಲಿ ಥರ ಸುಡುತ್ತಿತ್ತು. ಮಷಿನ್ನೇ ಹಾಳಾ, ಅಥವಾ ನಾವು ತಪ್ಪು ಮಾಡುತ್ತಿದ್ದೇವಾ?

ಕೊತ್ರೂಡ್_ಅಕ್ಕ:
ಮಷಿನ್ ಸರಿಯಾಗೇ ಇದೆ ಅಣ್ಣ. ನಿಮ್ಮ ಅಳಿಯ ಕಂಪೈಲ್ ಮಾಡುವಾಗ 'ಮಾರ್ಚ್ ಈಕ್ವಲ್ ಟು ನೇಟಿವ್' (-march=native) ಅಂತ ಕೊಟ್ಟಿದ್ದನಾ ಕೇಳಿ. ಕೊಟ್ಟೇ ಇರುತ್ತಾನೆ. ಹಾಗಂದರೆ 'ನಾನೀಗ ಕೂತಿರುವ ಪ್ರೊಸೆಸರಿಗೆ ಬರುವ ವಿದ್ಯೆಯನ್ನೆಲ್ಲ ಬಳಸು' ಅಂತ. ಅವನ ಹೊಸ ಪ್ರೊಸೆಸರಿಗೆ ಎವಿಎಕ್ಸ್ ಅನ್ನುವ, ಒಂದೇ ಸಲಕ್ಕೆ ಹಲವು ಸಂಖ್ಯೆ ಲೆಕ್ಕ ಮಾಡುವ ಆದೇಶಗಳು (ಇನ್‌ಸ್ಟ್ರಕ್ಷನ್) ಗೊತ್ತು. ಇಂಟೆಲ್‌ನಲ್ಲಿ ಅವು ಬಂದದ್ದೇ 2011ರಲ್ಲಿ. ಕೋರ್ 2 ಅದಕ್ಕಿಂತ ಹಳೆಯದು. ತಿಳಿಯದ ಆದೇಶ ಸಿಕ್ಕ ಕೂಡಲೇ ಅದು ಕೈಚೆಲ್ಲಿತು. ಕದ್ದ ಮಾಲಲ್ಲ ಅಂತ ಅತ್ತಿಗೆಗೆ ಹೇಳಿ.

ಇನ್ನೊಬ್ಬರ ಮಷಿನ್‌ಗೆ ಕಟ್ಟುವಾಗ ನೇಟಿವ್ ಜಾಗದಲ್ಲಿ 'ಕೋರ್2' ಅಂತ ಕೊಡಬೇಕಿತ್ತು. ಆದರೆ ನನ್ನ ಕೇಳಿದರೆ ಕಂಪೈಲ್ ಸಹವಾಸವೇ ಬೇಡ. ಡೆಬಿಯನ್ 12ರ ಭಂಡಾರದಲ್ಲೇ ಕಟ್ಟಿ ಸಿದ್ಧವಿರುವ ಆಕ್ಟೇವ್ 7.3 ಇದೆ, ಆಪ್ಟ್ ಇನ್‌ಸ್ಟಾಲ್ ಅಂತ ಟೈಪ್ ಮಾಡಿದರೆ ತಾನೇ ಇಳಿದು ಬರುತ್ತದೆ. ಅದು ಎಲ್ಲ 64 ಬಿಟ್ ಪ್ರೊಸೆಸರಿಗೂ ಹೊಂದುವ ಹಾಗೆ ಕಟ್ಟಿದ್ದು. ಭಾರದ ಲೆಕ್ಕವನ್ನೆಲ್ಲ ಹೊರುವುದು ಓಪನ್‌ಬ್ಲಾಸ್ ಅನ್ನುವ ಲೆಕ್ಕದ ಲೈಬ್ರರಿ. ಅದು ಶುರುವಾಗುವಾಗಲೇ ಪ್ರೊಸೆಸರ್ ಯಾವುದು ಅಂತ ನೋಡಿ ತಕ್ಕ ಕೋಡಿನ ತುಂಡನ್ನು ಆರಿಸಿಕೊಳ್ಳುತ್ತದೆ. ಎರಡನೇ ವರ್ಷದ ಲ್ಯಾಬಿಗೆ 7.3 ಧಾರಾಳ.

ರಾತ್ರಿ ನಿಂತುಹೋದದ್ದು ರ‍್ಯಾಮ್ ತುಂಬಿ. ಸಿ++ ಕಂಪೈಲರ್ ನಾಲ್ಕು ಒಟ್ಟಿಗೆ ಓಡಿದರೆ 2 ಜಿಬಿ ಎಲ್ಲಿಗೆ ಸಾಕು?

ವಾಸ್ಕೋ_ಮಾಮ:
ಅಕ್ಕ ಹೇಳಿದ್ದು ಸರಿ. 2 ಜಿಬಿಯಲ್ಲಿ ಆಕ್ಟೇವಿನ ಕಿಟಕಿ, ಬಟನ್ ಎಲ್ಲ ಬೇಡ ಮಾರಾಯ್ರೆ. ನೋ-ಜಿಯುಐ (--no-gui) ಅಂತ ಕೊಟ್ಟು, ಬರೀ ಅಕ್ಷರ ಟೈಪ್ ಮಾಡುವ ಟರ್ಮಿನಲ್‌ನಲ್ಲೇ ತೆರೆಯಿರಿ. ಗ್ರಾಫ್ ಬರೆಯುವಾಗ ತಕರಾರು ಮಾಡಿದರೆ ಗ್ರಾಫಿಕ್ಸ್ ಟೂಲ್‌ಕಿಟ್ (ಚಿತ್ರ ಬರೆಯುವ ಭಾಗ) ಅನ್ನು ಗ್ನೂಪ್ಲಾಟ್‌ಗೆ ಬದಲಿಸಿ.

ಮಗಳಿಗೆ ಇನ್ನೊಂದು. ಪೈಪಿನ ಉದ್ದಕ್ಕೂ ಉಷ್ಣತೆ ಲೆಕ್ಕ ಮಾಡುವಾಗ 5000 ಸಾಲು, 5000 ಕಂಬದ ಮ್ಯಾಟ್ರಿಕ್ಸ್ (ಸಂಖ್ಯೆಗಳ ಕೋಷ್ಟಕ) ಸುಮ್ನೆ ಹಾಗೇ ಬರೆದರೆ ಅದೊಂದೇ 200 ಎಂಬಿ. ಒಂದೊಂದು ಸಂಖ್ಯೆಗೆ 8 ಬೈಟ್ ಅಲ್ವಾ. ಅದರಲ್ಲಿ ಮೂರು ಓರೆಸಾಲು ಬಿಟ್ಟರೆ ಉಳಿದದ್ದೆಲ್ಲ ಸೊನ್ನೆ. ಎಸ್‌ಪಿಡಯಾಗ್ಸ್ ಅನ್ನುವ ಫಂಕ್ಷನ್ ಬಳಸಿ ಸ್ಪಾರ್ಸ್ ಆಗಿ, ಅಂದರೆ ಸೊನ್ನೆ ಬಿಟ್ಟು ಉಳಿದದ್ದನ್ನಷ್ಟೇ ಇಟ್ಟು, ಕಟ್ಟಿದರೆ 300 ಕೆಬಿಯೊಳಗೆ ಮುಗಿಯುತ್ತದೆ. ಆಮೇಲೆ ಸಮೀಕರಣ ಬಿಡಿಸಲು ಇನ್ವರ್ಸ್ (ವಿಲೋಮ) ತೆಗೆಯಬಾರದು, ಬ್ಯಾಕ್‌ಸ್ಲ್ಯಾಷ್ (\) ಹಾಕಬೇಕು. ಇನ್ವರ್ಸ್ ತೆಗೆದರೆ ಸೊನ್ನೆಗಳೆಲ್ಲ ತುಂಬಿಕೊಂಡು ಮತ್ತೆ ನೂರಾರು ಎಂಬಿ.

ಅಂದಹಾಗೆ ಆಕ್ಟೇವ್ ಅನ್ನುವ ಹೆಸರಿಗೂ ಸಂಗೀತಕ್ಕೂ ಸಂಬಂಧ ಇಲ್ಲ. ಅದನ್ನು ಬರೆದ ಜಾನ್ ಈಟನ್‌ಗೆ ಪಾಠ ಹೇಳಿದ ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರು. ಕೆಮಿಕಲ್ ಇಂಜಿನಿಯರಿಂಗ್ ಮೇಷ್ಟ್ರು. ಮಗಳಿಗೆ ಹೇಳಿ, ರಿಯಾಕ್ಟರ್ ಪಾಠ ಬಂದಾಗ ಈ ಹೆಸರು ಸಿಕ್ಕೇ ಸಿಗುತ್ತದೆ.

ಡೊಂಬಿವಲಿ_ಲೆಕ್ಕಿಗ:
ಆಯ್ತು! ಭಾನುವಾರ ಆಪ್ಟ್‌ನಿಂದಲೇ ಹಾಕಿದೆವು. ಟರ್ಮಿನಲ್‌ನಲ್ಲಿ ತಡವಿಲ್ಲದೆ ತೆರೆಯಿತು. 5000ದ ಲೆಕ್ಕ ಎಂಟರ್ ಒತ್ತಿದ ಕೂಡಲೇ ಬಂತು. ಮಗಳು ನಂಬದೆ ಎರಡು ಸಲ ಒತ್ತಿದಳು. ಗ್ರಾಫಿಗೆ ಗ್ನೂಪ್ಲಾಟೇ ಬೇಕಾಯಿತು, ಇಲ್ಲದಿದ್ದರೆ ಕಪ್ಪು ಕಿಟಕಿ ಬರುತ್ತಿತ್ತು.

ಅಳಿಯನಿಗೆ ಫೋನ್ ಮಾಡಿದೆ. ನೇಟಿವ್ ಅಂತಲೇ ಕೊಟ್ಟಿದ್ದನಂತೆ. ದೀಪಾವಳಿಗೆ ಕೋರ್2 ಅಂತ ಕೊಟ್ಟು ಮತ್ತೆ ಕಟ್ಟಿ ತರುತ್ತಾನಂತೆ. ಬೇಡ, ಬರುವಾಗ ಚಕ್ಕುಲಿ ತಾ ಅಂದೆ.